ಕೈಗುಣಕ್ಕೆ ಕ್ರಯವುಂಟೆ?

ಶರಣಮಾರ್ಗದಲ್ಲಿ ಕಾಯಕಕ್ಕೆ ಮೇಲುಕೀಳಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬನು. ಕಾಯಕವೇ ಅವನ ಹೆಸರಾಗಿ ಉಳಿಯಿತು. ಕಾಯಕವನ್ನು ಹಿಡಿಯುವಲ್ಲಿ ಧರ್ಮವಿರುವಂತೆ ಬಿಡುವಲ್ಲಿಯೂ ಧರ್ಮವಿದೆ.

ದಕ್ಷಿಣ ಬೆಂಗಳೂರಿನಲ್ಲಿ ಇದು ಬರಿಯ ತರ್ಕದ ಮಾತಲ್ಲ. ೧೯೪೮ರಲ್ಲಿ ಆರಂಭವಾದ ಜಯನಗರದಲ್ಲಿಯೂ ಅನಂತರ ಬೆಳೆದ ಬನಶಂಕರಿ, ಜೆ.ಪಿ. ನಗರಗಳಲ್ಲಿಯೂ ಒಂದೇ ಕೋಣೆಯ ಚಿಕಿತ್ಸಾಲಯದಲ್ಲಿ ಅಜ್ಜಿಗೂ ಮೊಮ್ಮಗನಿಗೂ ಮದ್ದು ಕೊಟ್ಟ ವೈದ್ಯರಿದ್ದಾರೆ. ಅಂಥವನೊಬ್ಬನಿಗೆ ಮುಪ್ಪಡಸಿತೆನ್ನೋಣ. ಮಕ್ಕಳು ಬೇರೆ ವೃತ್ತಿ ಹಿಡಿದಿದ್ದಾರೆ, ಪಿಂಚಣಿಯಿಲ್ಲ. ಚಿಕಿತ್ಸಾಲಯವನ್ನು ಮಾರಬೇಕು. ಮೇಜು, ಕುರ್ಚಿ, ಉಪಕರಣಗಳಿಗೆ ಬೆಲೆ ಕಟ್ಟುವುದು ಸುಲಭ. ಆದರೆ ಕೊಳ್ಳುವವನು ಹೆಚ್ಚು ಹಣ ಕೊಡುವುದು ಅವುಗಳಿಗಲ್ಲ, ಬಾಗಿಲಿಗೆ ಬರುವ ಜನರಿಗಾಗಿ. ಜನರು ಕೈಗುಣವೆಂದು ನಂಬಿದುದಕ್ಕೆ ಕ್ರಯವುಂಟೆ?

ಲೋಕದ ಕಾನೂನು ಇಲ್ಲಿ ಎರಡು ದಾರಿ ಹಿಡಿದಿದೆ. ನಮ್ಮ ದೇಶದ ೧೮೭೨ರ ಕರಾರು ಕಾಯಿದೆಯು ವ್ಯವಹಾರದ ಸದ್ಭಾವನೆಯನ್ನು ಮಾರಬಹುದೆಂದೂ, ಮಾರಿದವನು ಅದೇ ಸೀಮೆಯಲ್ಲಿ ಅಂಥ ವ್ಯವಹಾರ ನಡೆಸೆನೆಂದು ಒಪ್ಪಬಹುದೆಂದೂ ಹೇಳುತ್ತದೆ. ಇಂಗ್ಲೆಂಡು ೧೯೪೬ರ ಶಾಸನದಿಂದ ತನ್ನ ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರಿದ ವೈದ್ಯರು ಇದನ್ನು ಮಾರುವುದನ್ನು ನಿಷೇಧಿಸಿತು. ಆದರೆ ಅವರ ನಷ್ಟಕ್ಕೆ ಆರು ಕೋಟಿ ಅರುವತ್ತು ಲಕ್ಷ ಪೌಂಡು ಪರಿಹಾರವನ್ನೂ ತೆಗೆದಿರಿಸಿತು. ನಿಷೇಧಿಸಿದವರೂ ವೈದ್ಯನ ಮುಪ್ಪನ್ನು ಮರೆಯಲಿಲ್ಲ ಎಂಬುದು ಗಮನಾರ್ಹ.

ಹಾಗಾದರೆ ಶರಣನಿಗೆ ಯಾವುದು ದಾರಿ? ದುಡಿದವನು ಪ್ರತಿಫಲ ಪಡೆಯುವುದು ದೋಷವಲ್ಲ. ಆಯ್ದಕ್ಕಿ ಲಕ್ಕಮ್ಮನು ಗಂಡನು ತಂದ ಅಕ್ಕಿಯನ್ನೆಲ್ಲ ಬೇಡವೆನ್ನಲಿಲ್ಲ. ಅಗತ್ಯಕ್ಕೆ ಮೀರಿದುದನ್ನು ಹಿಂದಿರುಗಿಸೆಂದಳು. ಇಲ್ಲಿಯೂ ದೋಷವಿರುವುದು ಆ ಹೆಚ್ಚಿನಲ್ಲಿ. ಮಿತಿಮೀರಿದ ಬೆಲೆ ತೆತ್ತು, ಸಾಲ ಹೊತ್ತು ಬಂದ ಕಿರಿಯ ವೈದ್ಯನು ಅದನ್ನು ತೀರಿಸುವುದು ಎಲ್ಲಿಂದ? ಬೇಡದ ಪರೀಕ್ಷೆ, ಬೇಡದ ಸೂಜಿಮದ್ದುಗಳ ಆಸೆ ಅವನನ್ನು ಕಾಡದೆ ಇರದು. ಆಗ ಹಿರಿಯನು ಪಡೆದ ಹೆಚ್ಚು ಹಣವು ರೋಗಿಯ ಮೇಲೆ ಅವನರಿಯದಂತೆ ಬರೆದ ಸಾಲವಾಗುತ್ತದೆ.

ಆದುದರಿಂದ ಮಾರುವವನು ತನ್ನನ್ನು ತಾನೇ ಕೇಳಿಕೊಳ್ಳಬೇಕು: "ಈತನು ಎಲ್ಲರಿಗಿಂತ ಕಡಿಮೆ ಹಣ ಕೊಡುವವನಾಗಿದ್ದರೂ ನನ್ನ ಮನೆಯವರನ್ನು ಈತನ ಕೈಗೊಪ್ಪಿಸುತ್ತಿದ್ದೆನೆ?" ಇಲ್ಲವೆಂದರೆ ಎಷ್ಟು ಲಕ್ಷ ಬಂದರೂ ಆ ವ್ಯವಹಾರ ಸಲ್ಲದು. ಅಲ್ಲಮಪ್ರಭುವಿನ ಶೂನ್ಯಪೀಠವು ಚೆನ್ನಬಸವಣ್ಣನಿಗೆ ಸಂದುದು ಅರಿವನ್ನು ಕಂಡು, ವಯಸ್ಸನ್ನಾಗಲಿ ಸಂಪತ್ತನ್ನಾಗಲಿ ನೋಡಿ ಅಲ್ಲ.

ಯೋಗ್ಯನು ದೊರೆತ ಮೇಲೆಯೂ ಕೆಲಸವುಳಿದಿದೆ. ರೋಗಿಯು ದನಕರುವಿನಂತೆ ಕೈಬದಲಾಗುವ ಸ್ವತ್ತಲ್ಲ. ಹೊಸಬನು ಬರುವ ಸಂಗತಿಯನ್ನು ಅವನಿಗೆ ಮೊದಲೇ ತಿಳಿಸಬೇಕು. ಬೇರೆಡೆ ಹೋಗುವ ಸ್ವಾತಂತ್ರ್ಯ ಅವನದು. ವೈದ್ಯಕೀಯ ಪರಿಷತ್ತಿನ ೨೦೦೨ರ ನಿಯಮಗಳು ಮತ್ತೊಬ್ಬನ ವೃತ್ತಿಗೆ ಉತ್ತರಾಧಿಕಾರಿಯಾದುದನ್ನು ಪತ್ರಿಕೆಯಲ್ಲಿ ಪ್ರಕಟಿಸಲು ಅವಕಾಶ ಕೊಡುತ್ತವೆ. ದಾಖಲೆ ಕೇಳಿದ ರೋಗಿಗೆ ೭೨ ಗಂಟೆಗಳೊಳಗೆ ಕೊಡಬೇಕೆನ್ನುತ್ತವೆ. ಶರಣನು ಇಷ್ಟಕ್ಕೇ ನಿಲ್ಲಲಾರ. ಕೆಲವು ತಿಂಗಳು ಕಿರಿಯನ ಪಕ್ಕದಲ್ಲಿ ಕುಳಿತು, ಯಾರಿಗೆ ಯಾವ ಮದ್ದು ಒಗ್ಗದು, ಯಾರು ನೋವನ್ನು ಬಾಯಿಬಿಟ್ಟು ಹೇಳರು ಎಂಬುದನ್ನು ರೋಗಿಗಳ ಒಪ್ಪಿಗೆಯಿಂದ ತಿಳಿಸಿಕೊಡುವನು.

ಇನ್ನು ಬಾಕಿಯ ಪುಸ್ತಕ. ಹಣವಿಲ್ಲದೆ ಬಂದ ಹೂವಾಡಗಿತ್ತಿಗೂ ಕೂಲಿಯವನಿಗೂ ಅದೆಷ್ಟೋ ಸಲ 'ಇರಲಿ, ಆಮೇಲೆ ಕೊಡು' ಎಂದು ಮದ್ದು ಕೊಟ್ಟುದುಂಟು. ಅದು ದಾಸೋಹ. ಆ ಬಾಕಿಯನ್ನೂ ಲೆಕ್ಕಕ್ಕೆ ಹಿಡಿದು ಮಾರಿದರೆ ಹಿಂದೆ ಮಾಡಿದ ದಾಸೋಹವು ಇಂದು ವ್ಯಾಪಾರವಾಗುತ್ತದೆ. ಆ ಪುಟಗಳನ್ನು ಮೊದಲು ಹೊಡೆದುಹಾಕಿ, ಬಳಿಕ ಬೀಗದ ಕೈಯನ್ನು ಒಪ್ಪಿಸಲಿ.

ಕೈಗುಣಕ್ಕೆ ಕ್ರಯವಿಲ್ಲ. ಅದು ಜನರು ಇರಿಸಿದ ನಿಕ್ಷೇಪ. ಇಟ್ಟವರ ಹಿತಕ್ಕೆ ಕುಂದು ಬಾರದಂತೆ ಯೋಗ್ಯನ ವಶಕ್ಕೆ ಕೊಟ್ಟು, ನ್ಯಾಯವಾದ ಬೆಲೆಯನ್ನು ಪ್ರಸಾದವೆಂದು ಸ್ವೀಕರಿಸುವ ವೈದ್ಯನ ಕೊನೆಯ ದಿನದ ಕಾಯಕವೂ ಮೊದಲ ದಿನದಂತೆಯೇ ಲಿಂಗಾರ್ಪಿತವಾಗುವುದು.