ದುಃಖದ ಎದೆನೋವು


*ಇಂದಿನ ಧಮ್ಮ ಚಿಂತನೆ*



2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಸವದತ್ತಿ ತಾಲ್ಲೂಕುಗಳಲ್ಲಿ ಎಷ್ಟೋ ಮನೆಗಳು ಬಿದ್ದವು. ಬಿದ್ದ ಮನೆ ಕಣ್ಣಿಗೆ ಕಾಣುತ್ತದೆ. ಅಂಥ ಹೊತ್ತಿನಲ್ಲಿ ಸೋತ ಎದೆ ಕಾಣುವುದಿಲ್ಲ.

2004ರಲ್ಲಿ ಜಪಾನಿನ ನೀಗಾತಾದಲ್ಲಿ ಭೂಕಂಪವಾದ ಮೇಲೆ ಅಲ್ಲಿನ ವೈದ್ಯರು ಒಂದು ಹೃದಯರೋಗ ಹೆಚ್ಚಿದ್ದನ್ನು ಕಂಡರು. ಅದರ ಹೆಸರು ಟಕೋತ್ಸುಬೊ. ದೊಡ್ಡ ದುಃಖ ಇಲ್ಲವೇ ಭಯ ಎರಗಿದಾಗ ಒತ್ತಡದ ಹಾರ್ಮೋನು ಉಕ್ಕಿ, ಹೃದಯದ ಎಡ ಕೆಳಕೋಣೆಯ ಸ್ನಾಯು ಸೋತು ಬಲೂನಿನಂತೆ ಉಬ್ಬುತ್ತದೆ. ಎದೆನೋವು, ಉಬ್ಬಸ ಎಲ್ಲವೂ ಹೃದಯಾಘಾತದಂತೆಯೇ. ಆದರೆ ಆಂಜಿಯೋಗ್ರಾಂನಲ್ಲಿ ಅದಕ್ಕೆ ಕಾರಣವಾಗುವ ತಡೆ ಸಿಗುವುದಿಲ್ಲ. ಇದು ಹೆಚ್ಚಾಗಿ ಬರುವುದು 50 ದಾಟಿದ ಹೆಣ್ಣುಮಕ್ಕಳಿಗೆ.

ಬಹಳಷ್ಟು ಜನ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಮೊದಲ ದಿನಗಳು ಅಪಾಯದವು. ಶ್ವಾಸಕೋಶದಲ್ಲಿ ನೀರು ತುಂಬಬಹುದು, ರಕ್ತದೊತ್ತಡ ಕುಸಿಯಬಹುದು, ಬಡಿತ ಹದ ತಪ್ಪಬಹುದು. ಉಬ್ಬಿದ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಸಾವೂ ಸಂಭವಿಸುತ್ತದೆ.

ಭಗವಾನರು ಎರಡು ಬಾಣಗಳ ಮಾತು ಹೇಳಿದ್ದಾರೆ. ದೇಹದ ನೋವು ಮೊದಲನೆಯದು, ಮನಸ್ಸಿನ ಗೋಳು ಎರಡನೆಯದು. ಇದನ್ನು ಹಿಡಿದು ನಾವು ಅಳುವವರಿಗೆ "ಎಲ್ಲಾ ಅನಿತ್ಯ, ಅಳಬ್ಯಾಡ" ಎಂದು ಬುದ್ಧಿ ಹೇಳಿಬಿಡುತ್ತೇವೆ. ಇಲ್ಲಿ ನೋಡಿ, ಮನಸ್ಸಿಗೆ ತಾಗಿದ ಬಾಣವೇ ದೇಹಕ್ಕೂ ನೆಟ್ಟಿದೆ. ನಾಮ-ರೂಪ ಒಂದನ್ನೊಂದು ಆತುಕೊಂಡಿವೆ.

ಬೈಲಹೊಂಗಲವಿರಲಿ, ಕಿತ್ತೂರಿರಲಿ, ಸಾವಾದ ಮನೆಯಲ್ಲಿ ತಾಯಿ ಎದೆ ಹಿಡಿದುಕೊಂಡರೆ "ದುಃಖಕ್ಕ ಹಂಗಾಗೈತಿ, ಮಲಗಲಿ ಬಿಡ್ರಿ" ಅನ್ನಬೇಡಿ. ತಾಯತ, ಕೇಳಿಕೆ ಎಂದು ಹೊತ್ತು ಕಳೆಯಬೇಡಿ. ಆ ದಾರಿಯನ್ನು ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲೇ ಬಿಡಿಸಿದ್ದಾರೆ. 108ಕ್ಕೆ ಕರೆ ಮಾಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಬೆಳಗಾವಿಗೋ ಹುಬ್ಬಳ್ಳಿಗೋ ಕಳಿಸಿದರೆ ತಡಮಾಡದೆ ಹೋಗಿ. ಮನೆಯಲ್ಲಿ ಸಾವಾಗಿದ್ದನ್ನು ವೈದ್ಯರಿಗೆ ತಿಳಿಸಿ. ಆರಾಮಾಯಿತೆಂದು ಗುಳಿಗೆ ನಿಲ್ಲಿಸಬೇಡಿ, ಎಕೋ ತಪಾಸಣೆ ತಪ್ಪಿಸಬೇಡಿ. ಈ ರೋಗ ಕೆಲವರಿಗೆ ಮರಳಿ ಬರುತ್ತದೆ.

ಆಮಶಂಕೆಯಿಂದ ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಕುವನ್ನು ಕಂಡಾಗ ಭಗವಾನರು ಮೊದಲು ಆನಂದನಿಂದ ನೀರು ತರಿಸಿದರು, ಆನಂದನೊಡನೆ ಸೇರಿ ತೊಳೆದರು, ಹಾಸಿಗೆಯ ಮೇಲೆ ಮಲಗಿಸಿದರು. ಉಪದೇಶ ಆಮೇಲೆ.

*ಇಂದಿನ ಸಂಕಲ್ಪ:* ನಿಮ್ಮ ಓಣಿಯಲ್ಲಿ ಈಚೆಗೆ ಸಾವಾದ ಮನೆಗೆ ಇಂದು ಹೋಗಿ ಬನ್ನಿ. ಬುದ್ಧಿಮಾತು ಬೇಡ. "ಉಂಡೀರೇನು? ಎದಿ ನೋವೇನರ ಐತೇನು?" ಎಂದು ಕೇಳಿ. ಅದೇ ಕರುಣೆ.

ಎಲ್ಲರಿಗೂ ಮಂಗಲವಾಗಲಿ.
ಜೈ ಭೀಮ್ 💙 ನಮೋ ಬುದ್ಧಾಯ