ಹಾಸು, ಹೊಕ್ಕು, ಬಾಗು

ತಿರುಪ್ಪೂರಿನ ನಿಟ್ಟಿಂಗ್ ಯಂತ್ರದಿಂದ ಬನಿಯನ್ ಬಟ್ಟೆ ಕೊಳವೆಯಾಗಿ ಇಳಿಯುತ್ತದೆ. ನೋಡಲು ದುಂಡು. ಉದ್ದಕ್ಕೆ ಸೀಳಿ ಕಟಿಂಗ್ ಟೇಬಲ್ಲಿನ ಮೇಲೆ ಹಾಸಿದರೆ ಒಂದು ನೆರಿಗೆಯೂ ಇಲ್ಲದೆ ಮಲಗುತ್ತದೆ. ಹಿಗ್ಗದ ಬಟ್ಟೆಯಲ್ಲಿ ಹೊಲಿದ ದುಂಡು ಟೊಪ್ಪಿಯನ್ನು ಹಾಗೆ ಮಲಗಿಸಲು ಹೋಗಿ; ಇಲ್ಲಿ ಒತ್ತಿದರೆ ಅಲ್ಲಿ ಉಬ್ಬುತ್ತದೆ. ಗಣಿತದ ಕಣ್ಣಿಗೆ ಕೊಳವೆ ಬಾಗಿಯೇ ಇಲ್ಲ. ಬಾಗಿರುವುದು ಟೊಪ್ಪಿ ಮಾತ್ರ.

ಜಾಗವೂ ಕಾಲವೂ ಕೂಡಿದ ದೇಶಕಾಲ ಬಾಗಿದೆ ಎನ್ನುತ್ತದೆ ಐನ್‌ಸ್ಟೈನನ ಸಾಮಾನ್ಯ ಸಾಪೇಕ್ಷತೆ. ಯಾವುದರೊಳಗೆ ಬಾಗಿದೆ? ರಬ್ಬರು ಹಾಳೆಯ ಮೇಲೆ ಗುಂಡು ಇಟ್ಟ ಚಿತ್ರವೇ ಈ ಗೊಂದಲಕ್ಕೆ ಅರ್ಧ ಕಾರಣ. ನನಗಂತೂ ಅದನ್ನು ಕಂಡರಾಗದು. ಹಾಳೆ ತಗ್ಗಲು ಕೆಳಗೊಂದು ಜಾಗ ಬೇಕು, ಗುಂಡನ್ನು ಕೆಳಕ್ಕೆಳೆಯಲು ಗುರುತ್ವ ಮೊದಲೇ ಇರಬೇಕು! ಬಾಗನ್ನು ತಿಳಿಯಲು ಹೊರಗೆ ನಿಲ್ಲಬೇಕಿಲ್ಲ, ಬಟ್ಟೆಯ ಮೇಲೆ ಹರಿದಾಡುವ ಇರುವೆ ಅಳೆದೇ ಕಂಡುಕೊಳ್ಳಬಹುದು ಎಂದು 1827ರಲ್ಲಿ ಗಣಿತಜ್ಞ ಗೌಸ್ ತೋರಿಸಿಕೊಟ್ಟ. 1854ರಲ್ಲಿ ರೀಮನ್ ಆ ಮಾತನ್ನು ಎಷ್ಟು ಆಯಾಮಗಳಿಗಾದರೂ ಒಪ್ಪುವಂತೆ ಬೆಳೆಸಿದ.

ಅಳೆಯುವುದು ಹೇಗೆ? ಕೊಯಮತ್ತೂರು ಕಡೆ ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರರಿದ್ದಾರೆ. ಅವರ ಮಗ್ಗವನ್ನೇ ನೆನೆಯಿರಿ: ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು. ಇಪ್ಪತ್ತನೇ ಹಾಸು, ಮೂವತ್ತನೇ ಹೊಕ್ಕು ಎಂದರೆ ಬಟ್ಟೆಯ ಮೇಲೆ ಒಂದು ಚುಕ್ಕಿ ಗುರುತಾಯಿತು. ಆದರೆ ಎರಡು ಚುಕ್ಕಿಗಳ ನಡುವಿನ ದೂರ ಎಳೆ ಎಣಿಸಿದರೆ ಸಿಗದು. ಹಾಸಿನ ಎಳೆಗಳ ನಡುವೆ ಎಷ್ಟು ಅಂತರ, ಹೊಕ್ಕಿನ ಎಳೆಗಳ ನಡುವೆ ಎಷ್ಟು, ಎರಡೂ ಯಾವ ಕೋನದಲ್ಲಿ ಕೂಡುತ್ತವೆ, ಈ ಮೂರು ಗೊತ್ತಿರಬೇಕು. ನೇಯ್ಗೆ ಒಂದೆಡೆ ಒತ್ತು, ಇನ್ನೊಂದೆಡೆ ವಿರಳವಾದರೆ ಈ ಮೂರೂ ಜಾಗದಿಂದ ಜಾಗಕ್ಕೆ ಬದಲಾಗುತ್ತವೆ. ಮೆಟ್ರಿಕ್ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಇಷ್ಟೇ. ದೇಶಕಾಲದಲ್ಲಿ ನಾಲ್ಕು ಬಗೆಯ ಎಳೆ: ನಾಲ್ಕು ಅಂತರ, ಆರು ಜೋಡಿಗಳಿಗೆ ಆರು ಕೋನ, ಒಟ್ಟು 10 ಸಂಖ್ಯೆ. ಕಾಲದ ಎಳೆಗೆ ಮಾತ್ರ ಲೆಕ್ಕದಲ್ಲಿ ಋಣ ಚಿಹ್ನೆ. ಮಗ್ಗದ ಹೋಲಿಕೆಯ ನೂಲು ಅಲ್ಲಿ ಕಡಿಯುತ್ತದೆ. ವಸ್ತು ಮತ್ತು ಶಕ್ತಿ ಇರುವಲ್ಲಿ ಈ ಹತ್ತು ಹೇಗೆ ಬದಲಾಗಬೇಕೆಂದು ಹೇಳುವುದೇ 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ಮುಂದಿಟ್ಟ ಸಮೀಕರಣ.

ಮೆಟ್ಟುಪಾಳ್ಯದಲ್ಲೊಂದು, ಹಲ್ಲುಹಳಿಯ ರೈಲು ಹತ್ತಿ ಹೋಗಿ ಊಟಿಯಲ್ಲೊಂದು ಪರಮಾಣು ಗಡಿಯಾರ ಇಟ್ಟರೆ, ಎತ್ತರದಲ್ಲಿರುವ ಊಟಿಯದು ದಿನಕ್ಕೆ ಸುಮಾರು 18 ನ್ಯಾನೊಸೆಕೆಂಡು ಮುಂದೋಡುತ್ತದೆ. ಕಾಲದ ಎಳೆಗಳ ಅಂತರ ಬೆಟ್ಟ ಹತ್ತಿದಂತೆ ಬದಲಾಗಿದೆ.

ಇಷ್ಟಕ್ಕೇ ಬಾಗು ಸಿಕ್ಕಿತೆನ್ನಬೇಡಿ. ಒತ್ತು ವಿರಳವಾಗಿ ನೇಯ್ದ ಬಟ್ಟೆಯೂ ಮೇಜಿನ ಮೇಲೆ ನೆಟ್ಟಗೆ ಮಲಗಬಹುದು. ಹಗ್ಗ ಕಡಿದು ಬೀಳುತ್ತಿರುವ ಲಿಫ್ಟಿನೊಳಗೆ ಭಾರ ತಿಳಿಯದು, ಗಡಿಯಾರಗಳ ತಕರಾರೂ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಅದರ ಎರಡು ಗೋಡೆಗಳ ಪಕ್ಕ ಒಂದೊಂದು ಕಲ್ಲು ಬಿಡಿ. ಎರಡೂ ಭೂಮಿಯ ನಡುವಿನತ್ತಲೇ ಬೀಳುತ್ತಿವೆಯಾದ್ದರಿಂದ, ಯಾರೂ ತಳ್ಳದಿದ್ದರೂ, ಕೂದಲೆಳೆಗಿಂತ ಕಡಿಮೆಯಾದರೂ ಸರಿ, ಒಂದಕ್ಕೊಂದು ಹತ್ತಿರವಾಗುತ್ತವೆ. ಲಿಫ್ಟನ್ನು ಹೇಗೆ ಬೀಳಿಸಿದರೂ ಈ ಸರಿದಾಟವನ್ನು ಅಳಿಸಲಾಗದು. ಟೊಪ್ಪಿಯ ಉಬ್ಬು ಇದೇ.