ಒಡಕಿನಲ್ಲಿ ನಿಲ್ಲುವವನು

ಯೆಹೆಜ್ಕೇಲ 22:30 ತೆಗೆಯಿರಿ. ಗೋಡೆ ಒಡೆದಿದೆ, ಆ ಒಡಕಿನಲ್ಲಿ ನಿಲ್ಲೋಕೆ ದೇವರು ಒಬ್ಬನನ್ನು ಹುಡುಕ್ತಾನೆ, ಒಬ್ಬನೂ ಸಿಗಲ್ಲ.

ಅಮೆರಿಕದಲ್ಲಿ ಫ್ರಾಂಕ್ ಜುಹಾನ್ ಅಂತ ಒಬ್ಬ ಬಿಷಪ್ ಇದ್ದರು. ಕಾಲೇಜಿನಲ್ಲಿ ಫುಟ್‌ಬಾಲ್ ಆಟಗಾರ. ನಮ್ಮ ಕಾಲ್ಚೆಂಡು ಅಲ್ಲ, ಅಮೆರಿಕದವರು ಕೈಯಲ್ಲಿ ಹಿಡಿದು ಓಡೋ ಆಟ. 1909ರಲ್ಲಿ ದಕ್ಷಿಣದ ಕಾಲೇಜುಗಳ ಚಾಂಪಿಯನ್ ಆದ ಸೆವಾನೀ ತಂಡದಲ್ಲಿ ಅವರು ಸೆಂಟರ್. ಸೆಂಟರ್ ಕೆಲಸ ಏನು ಗೊತ್ತಾ? ಬಗ್ಗಿ ನಿಂತು, ಚೆಂಡನ್ನು ಹಿಂದಿದ್ದವನ ಕೈಗೆ ಕೊಡೋದು. ಆಮೇಲೆ ಎದುರಾಳಿಯ ಹೊಡೆತ ತಾನು ತಿನ್ನೋದು. ಜನ ಚಪ್ಪಾಳೆ ತಟ್ಟೋದು ಓಡಿದವನಿಗೆ!

ಎದುರಾಳಿ ಕೈಗೆ ಚೆಂಡು ಹೋದಾಗ ಜುಹಾನ್ ಸಾಲಿನ ಹಿಂದೆ ತಿರುಗಾಡ್ತಾ, ಎಲ್ಲಿ ಸಂದು ಬಿತ್ತೋ ಅಲ್ಲಿಗೆ ನುಗ್ಗಿ ನಿಲ್ಲೋರು. ಅದೇ ಒಡಕು, ಪ್ರಿಯರೇ!

ಅವರು 1924ರಲ್ಲಿ ಎಪಿಸ್ಕೋಪಲ್ ಸಭೆಯ ಫ್ಲಾರಿಡಾ ಬಿಷಪ್ ಆದರು. 1956ರ ತನಕ, 32 ವರ್ಷ ಅದೇ ಸೇವೆ. ಅವರ ಆರಾಧನೆ ರೀತಿ ಬೇರೆ, ನಮ್ಮದು ಬೇರೆ. ಆದರೆ ಕರ್ತನು ಒಬ್ಬನೇ. ಕಾಲೇಜ್ ಫುಟ್‌ಬಾಲಿನ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 1966ರಲ್ಲಿ. ಮಾರನೇ ವರ್ಷ ತೀರಿಕೊಂಡರು. ಆಟ ಆಡಿ ಐವತ್ತು ವರ್ಷ ದಾಟಿದ ಮೇಲೆ ಬಂದ ಗೌರವ! ಅಷ್ಟು ವರ್ಷ ಕಾಯೋ ತಾಳ್ಮೆ ನಮಗಿದೆಯಾ?

ನನಗಿರಲಿಲ್ಲ. ಒಂದು ಕನ್ವೆನ್ಶನ್‌ನಲ್ಲಿ ಸಂದೇಶ ಕೊಡೋಕೆ ಕರೆದಿದ್ದರು. ಮೂರು ವಾರ ಅದರದ್ದೇ ತಯಾರಿ. ಆ ಮೂರೂ ಭಾನುವಾರ ನಮ್ಮ ಒಬ್ಬ ಸಹೋದರರ ಕುರ್ಚಿ ಖಾಲಿ. ನಾನು ನೋಡಿದೆ. "ಕನ್ವೆನ್ಶನ್ ಮುಗೀಲಿ, ಹೋಗೋಣ" ಅಂದುಕೊಂಡೆ. ಕೊನೆಗೆ ಹೋದಾಗ ಅವರು ಅಂದಿದ್ದು ಇಷ್ಟೇ: "ಪಾಸ್ಟರ್, ಯಾರಾದ್ರೂ ಬರ್ತಾರೇನೋ ಅಂತ ಕಾಯ್ತಾ ಇದ್ದೆ." ಅವರ ಒಪ್ಪಿಗೆ ಕೇಳಿಯೇ ಇದನ್ನ ಹೇಳ್ತಿದ್ದೀನಿ. ನಾನು ಸ್ಟೇಜ್ ಮೇಲೆ ಆಮೆನ್ ಹೇಳಿಸ್ತಿದ್ದೆ, ಇಲ್ಲಿ ಗೋಡೆ ಒಡೆದಿತ್ತು.

ಸ್ಟೇಜ್, ಮೈಕು ಎಲ್ಲರಿಗೂ ಸಿಗಲ್ಲ. ಒಡಕು ಎಲ್ಲರ ಪಕ್ಕದಲ್ಲೂ ಇದೆ. ನಿಮ್ಮ ಪಕ್ಕ ನೋಡಿ, ಯಾರು ಬಂದಿಲ್ಲ? ಇವತ್ತು ಊಟಕ್ಕೆ ಮುಂಚೆ ಅವರ ಮನೆ ಬಾಗಿಲು ತಟ್ಟಿ.

ಪ್ರಾರ್ಥಿಸೋಣ. ಕರ್ತನೇ, ನೀನು ಹುಡುಕುವಾಗ ನಾವು ಆ ಜಾಗದಲ್ಲಿ ನಿಂತಿರುವ ಹಾಗೆ ಕೃಪೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.